ಗಮನಿಸಿದ್ದೇನೆ, ಮುಂದುವರಿಯಿರಿ

"ಆ ಕುರ್ಚಿ ಬೇಡ ಮೇಡಂ. ಅದು ಮೇಷ್ಟ್ರದ್ದು."

ಪಾಸ್‌ವರ್ಡಣ್ಣ ಇದನ್ನು ಹೇಳುವಷ್ಟರಲ್ಲಿ ನಾನು ಕೂತಾಗಿತ್ತು. ಸತ್ತವರ ಕುರ್ಚಿಯಲ್ಲಿ ಕೂರದೆ ಪತ್ತೇದಾರಿಕೆ ಮಾಡುವುದೆಂದರೆ ನೀರಿಗಿಳಿಯದೆ ಈಜು ಕಲಿತಂತೆ.

"ಮತ್ತೆಲ್ಲಿ ಕೂತ್ಕೊಳ್ಳಲಿ?"

ಅವನು ಮೇಜಿನ ಈಚೆ ಬದಿಯ ಕುರ್ಚಿ ತೋರಿಸಿದ. ಬಂದವರು ಕೂರಲೆಂದು ಇಟ್ಟದ್ದು. ಅಂಗಡಿಯವರು ಸುತ್ತಿ ಕಳಿಸಿದ್ದ ಪ್ಲಾಸ್ಟಿಕ್ ಹಾಳೆ ಇನ್ನೂ ಅದರ ಮೈಮೇಲೇ ಇತ್ತು. ಮುಟ್ಟಿದರೆ ಚರಚರ ಎನ್ನುತ್ತಿತ್ತು. ವರ್ಷಗಟ್ಟಲೆ ಅಲ್ಲಿದ್ದ ಕುರ್ಚಿಗೆ ಹಾಳೆ ಹರಿಯುವಷ್ಟು ಕಾಲವೂ ಯಾರೂ ಬಂದು ಕೂತಿರಲಿಲ್ಲ.

ನಾನು ಮೇಷ್ಟ್ರ ಕುರ್ಚಿಯಲ್ಲೇ ಉಳಿದೆ. ಪಾಸ್‌ವರ್ಡಣ್ಣ ಮುಖ ಸಣ್ಣದು ಮಾಡಿಕೊಂಡು ಕಂಪ್ಯೂಟರ್ ತೆರೆದುಕೊಟ್ಟ. ಈ ಲಿಫ್ಟ್ ದುರಸ್ತಿ ಕಂಪನಿಯ ಅಷ್ಟೂ ಕಂಪ್ಯೂಟರುಗಳ ಬೀಗದಕೈ ಅವನ ತಲೆಯೊಳಗಿದೆ. ಅದಕ್ಕೇ ಆ ಹೆಸರು.

ಮೇಷ್ಟ್ರು ಶಾಲೆಯ ಮೇಷ್ಟ್ರಲ್ಲ. ಲಿಫ್ಟುಗಳ ಸುರಕ್ಷತೆ ಪರೀಕ್ಷಿಸುವ ಇಂಜಿನಿಯರ್. ಮೇಲ್ ಬರೆಯುವುದು ಹೇಗೆಂದು ಇಡೀ ಆಫೀಸಿಗೆ ಮೇಲ್‌ನಲ್ಲೇ ಪಾಠ ಹೇಳುತ್ತಿದ್ದುದರಿಂದ ಮೇಷ್ಟ್ರಾದರು. ಹೋದ ತಿಂಗಳು ಒಂದು ಹಳೆಯ ಕಟ್ಟಡದಲ್ಲಿ ಲಿಫ್ಟಿನ ತಳದ ಗುಂಡಿಗೆ ಇಳಿದು ಕೆಲಸ ಮಾಡುತ್ತಿದ್ದಾಗ, ನಿಂತಿರಬೇಕಾಗಿದ್ದ ಲಿಫ್ಟ್ ಅವರ ಮೇಲೆ ಇಳಿಯಿತು. ಲಿಫ್ಟ್ ನಿಲ್ಲಿಸಿ ಎಂದು ಅವರು ಕೇಳಿರಲೇ ಇಲ್ಲ ಎಂದು ಕಂಪನಿ ಬರೆದುಕೊಟ್ಟಿತು. ನಿಯಮವನ್ನು ಉಸಿರಾಡುತ್ತಿದ್ದ ಮನುಷ್ಯ ಕೇಳದೆ ಇಳಿದರೆಂದರೆ ಬೇಕೆಂದೇ ಇಳಿದಿರಬೇಕು ಎಂದು ಜನ ಪಿಸುಗುಟ್ಟಿದರು.

ಆ ಪಿಸುಮಾತು ಮಗಳ ಕಿವಿಗೆ ಬಿತ್ತು. ಮಗಳು ನನ್ನ ಬಳಿ ಬಂದಳು. "ಅಪ್ಪ ಸತ್ತಿದ್ದು ಹೇಗೆ ಅಂತ ಬೇಡ ಮೇಡಂ. ಸಾಯ್ಬೇಕು ಅಂತ ಹೋದ್ರಾ, ಅಷ್ಟು ಹೇಳಿ," ಎಂದಿದ್ದಳು.

ಮೇಲ್ ಪೆಟ್ಟಿಗೆ ತೆರೆದೆ. ಬಂದದ್ದು ಇಲ್ಲ, ಕಳಿಸಿದ್ದು ಇಲ್ಲ. ತೊಳೆದಿಟ್ಟ ತಟ್ಟೆಯಂತಿತ್ತು.

"ಇದೇನಪ್ಪಾ? ದಿನವಿಡೀ ಬರೀತಿದ್ದ ಮನುಷ್ಯ ಒಂದೂ ಮೇಲ್ ಕಳಿಸಿಲ್ವಾ? ನನ್ನ ಕಿವಿ ಮೇಲೆ ಹೂ ಕಾಣ್ತಿದ್ಯಾ?"

"ನಾನೇ ಖಾಲಿ ಮಾಡಿದ್ದು ಮೇಡಂ. ಮ್ಯಾನೇಜರ್ ಹೇಳಿದ್ರು. ಕೆಲಸ ಬಿಟ್ಟವರದ್ದೆಲ್ಲಾ ಹಾಗೇ ಮಾಡ್ತೀವಿ."

"ಇವರು ಕೆಲಸ ಬಿಟ್ಟಿರಲಿಲ್ಲ. ಅಳಿಸೋ ಮುಂಚೆ ಓದಿದ್ಯಾ?"

"ಇಲ್ಲ ಮೇಡಂ."

"ಅಕೌಂಟ್ ಯಾಕೆ ಮುಚ್ಚಿಲ್ಲ?"

ಅವನು ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಸವರಿದ. "ಅದಕ್ಕೆ ಕೈ ಬರ್ಲಿಲ್ಲ."

ಅಷ್ಟರಲ್ಲಿ ಹೊರಗೆ ಯಾರದೋ ಪ್ರಿಂಟರ್ ಕೆಟ್ಟು ಅವನನ್ನು ಕೂಗಿದರು. ಅವನು ಹೋದ. ನಾನೊಬ್ಬಳೇ ಉಳಿದೆ. ಕಪಾಟಿನ ಹಿಂದಿನ ಆ ಮೂಲೆಗೆ ಆಫೀಸಿನ ಮಾತುಕತೆ ಬರುತ್ತಿತ್ತು. ಮಾತುಗಳು ಮಾತ್ರ ತಿಳಿಯುತ್ತಿರಲಿಲ್ಲ. ಎಲ್ಲರೂ ನಗುವಾಗ ಯಾಕೆ ನಗುತ್ತಿದ್ದಾರೆಂದು ಗೊತ್ತಾಗದ ಜಾಗ ಅದು. ಇಲ್ಲಿ ಕೂತು ಒಬ್ಬ ಮನುಷ್ಯ ಅಷ್ಟೊಂದು ಬರೆದನೆಂದರೆ ನನಗೆ ಆಶ್ಚರ್ಯವಾಗಲಿಲ್ಲ, ಸಂಕಟವಾಯಿತು.

ಗೋಡೆಗೆ ಅವರ ಒಂದು ಪಾಠವನ್ನು ಅವರೇ ಅಂಟಿಸಿಕೊಂಡಿದ್ದರು.

'ಟು ಎಂಬಲ್ಲಿ ಹಾಕುವುದು ನೀವು ಯಾರೊಡನೆ ಮಾತಾಡುತ್ತಿದ್ದೀರೋ ಅವರನ್ನು. ಸಿಸಿ ಎಂಬಲ್ಲಿ, ಪಕ್ಕದಲ್ಲಿ ಕೂತು ಕೇಳಬೇಕಾದವರನ್ನು. ಬಿಸಿಸಿ ಎಂಬಲ್ಲಿ, ಬಾಗಿಲ ಹಿಂದೆ ನಿಂತು ಕೇಳುವವರನ್ನು. ಅವರಿದ್ದಾರೆಂದು ಉಳಿದವರಿಗೆ ಕಾಣದು. ಬಾಗಿಲ ಹಿಂದಿನವರು ಕೆಮ್ಮಬಾರದು, ಅಂದರೆ ಎಲ್ಲರಿಗೂ ಉತ್ತರಿಸು ಎಂಬುದನ್ನು ಒತ್ತಬಾರದು. ವಿಷಯದ ಸಾಲು ಮಾಹಿತಿ, ಅನುಮತಿ, ಧನ್ಯವಾದ ಎಂಬ ಮೂರರಲ್ಲಿ ಒಂದು ಪದದಿಂದ ಶುರುವಾಗಲಿ. ಓದುವವರಿಗೆ ವಿಂಗಡಿಸಲು ಸುಲಭ.'

ಬದುಕಿದ್ದಾಗ ಸಿಕ್ಕಿದ್ದರೆ ನಾನೂ ಇವರಿಂದ ತಪ್ಪಿಸಿಕೊಂಡು ಓಡುತ್ತಿದ್ದೆನೇನೋ. ಈಗ ಇಷ್ಟವಾಗಿಬಿಟ್ಟರು.

ಮನೆ ಖಾಲಿ ಮಾಡಿದವರು ಗೋಡೆಯ ಮೊಳೆ ಕೀಳುವುದಿಲ್ಲ. ಮೇಲ್ ಅಳಿಸಿದವರೂ ಸೆಟ್ಟಿಂಗ್ಸ್ ಅಳಿಸಿರಲಿಕ್ಕಿಲ್ಲ ಎನಿಸಿ ಅಲ್ಲಿಗೆ ಹೋದೆ. ಅಷ್ಟೂ ಮೊಳೆಗಳು ಹಾಗೇ ಇದ್ದವು. ಪ್ರತಿ ಮೇಲ್‌ನ ಕೊನೆಗೆ ಹುದ್ದೆ, ಮೇಜಿನ ಫೋನ್ ನಂಬರ್ ತಾನಾಗಿ ಸೇರುವಂತೆ ಸಹಿ. ಉತ್ತರ ಬರೆದರೆ ಕೆಳಗೆ ಮೂಲ ಮೇಲ್ ಇಡಿಯಾಗಿ ಉಳಿಯಲಿ ಎಂದು ಗುರುತು. ಅದರ ಕೆಳಗೆ ಇನ್ನೊಂದು: ಕಳಿಸಿದ ಪ್ರತಿಯೊಂದು ಮೇಲ್‌ಗೂ ತಾನಾಗಿ ಬಿಸಿಸಿ. ಅಲ್ಲೊಂದು ವಿಳಾಸ.

ವಿಳಾಸ 'ಗುಬ್ಬಿ' ಎಂದು ಶುರುವಾಗುತ್ತಿತ್ತು.

ಹಾಗಾದರೆ ಮೇಷ್ಟ್ರು ಈ ಕಂಪ್ಯೂಟರಿನಿಂದ ಕಳಿಸಿದ ಒಂದೊಂದು ಮೇಲೂ ಗುಬ್ಬಿ ಎಂಬ ಯಾರದೋ ಪೆಟ್ಟಿಗೆಯಲ್ಲಿದೆ. ಆ ಸೆಟ್ಟಿಂಗ್ ಇದ್ದದ್ದು ಈ ಒಂದೇ ಯಂತ್ರದ ಪ್ರೋಗ್ರಾಮಿನಲ್ಲಿ. ವಿಳಾಸವನ್ನು ಅಂಗೈ ಮೇಲೆ ಬರೆದುಕೊಂಡೆ. ಪಾಸ್‌ವರ್ಡಣ್ಣ ವಾಪಸು ಬಂದಾಗ ಮುಷ್ಟಿ ಮುಚ್ಚಿದೆ.

ಮ್ಯಾನೇಜರನ ಕೋಣೆಗೆ ಗಾಜಿನ ಗೋಡೆ. ಮೇಜಿನ ಮೇಲೆ ಸವೆದ ಲಿಫ್ಟ್ ಹಗ್ಗದ ತುಂಡೊಂದನ್ನು ಶೋಕಿಗೆ ಇಟ್ಟುಕೊಂಡಿದ್ದ. ಅದರ ಪಕ್ಕದಲ್ಲಿ ಫೋನು.

"ಮೇಲ್ ಬರ್ಲಿಲ್ಲ ಅಂತೀರಿ," ಎಂದೆ.

"ಬಂದಿದ್ರೆ ನಾನು ಲಿಫ್ಟ್ ನಿಲ್ಲಿಸ್ತಿರ್ಲಿಲ್ವಾ ಮೇಡಂ? ನಾನೇನು ಮನುಷ್ಯ ಅಲ್ವಾ?"

"ಬಂದಿದ್ರೆ ನಿಮ್ಮ ಕಣ್ಣಿಗೆ ಬೀಳ್ತಿತ್ತಾ?"

"ಅಂದ್ರೆ?"

"ಅವರ ಮೇಲ್ ನಿಮ್ಮ ಮುಂದೆ ಬಂದು ನಿಲ್ತಿತ್ತಾ, ಇಲ್ಲ ಬೇರೆ ಎಲ್ಲಾದ್ರೂ ಹೋಗಿ ಬೀಳ್ತಿತ್ತಾ?"

ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಮ್ಯಾನೇಜರ್ ಫೋನ್ ಮುಟ್ಟಿ ನೋಡಿಕೊಂಡ.

"ನಾನೊಬ್ನೇ ಅಲ್ಲ ಮೇಡಂ, ಇಡೀ ಆಫೀಸು ಹಾಗೇ ಮಾಡ್ಕೊಂಡಿತ್ತು. ಅವ್ರ ಮೇಲ್ ಬಂದ್ರೆ ತಾನಾಗೇ ಒಂದು ಫೋಲ್ಡರ್‌ಗೆ ಹೋಗತ್ತೆ. ಓದಿದ್ದು ಅಂತ ಗುರುತೂ ಬೀಳತ್ತೆ. ಏನ್ ಮಾಡೋದು? ಅಷ್ಟು ಮೇಲ್ ಯಾರು ಓದ್ತಾರೆ?"

"ಆ ರೂಲ್ ಹಾಕೋದು ಹೇಗೆ ಅಂತ ಯಾರು ಹೇಳ್ಕೊಟ್ರು?"

ಆತ ಹಗ್ಗದ ತುಂಡನ್ನು ತಿರುಗಿಸುತ್ತಾ ಕೂತ. "ಅವ್ರೇ."

ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬೇಡದ ಮೇಲ್‌ಗಳಿಂದ ಪಾರಾಗುವುದು ಹೇಗೆಂದು ಮೇಷ್ಟ್ರು ಪಾಠ ಮಾಡಿದ್ದರು. ಜೀವಮಾನದಲ್ಲಿ ಅವರ ಒಂದೇ ಒಂದು ಪಾಠವನ್ನು ಎಲ್ಲರೂ ಕಲಿತು ಮೊದಲು ಅವರ ಮೇಲೇ ಪ್ರಯೋಗಿಸಿದ್ದರು.

"ಆ ಫೋಲ್ಡರ್ ತೆಗೀರಿ."

"ಖಾಲಿ ಮಾಡಿಸ್ದೆ. ಅವರು ಹೋದ್ಮೇಲೆ ನೋಡೋಕಾಗ್ಲಿಲ್ಲ."

"ಫೋಲ್ಡರಿಗೆ ಕಳಿಸೋದು ಬಿಟ್ಟು ಇನ್ನೇನಾದ್ರೂ ಸೆಟ್ ಮಾಡಿದ್ರಾ?"

"ಇಲ್ಲ, ಇಲ್ಲ, ಇನ್ನೇನೂ ಇಲ್ಲ." ಒಂದು ಇಲ್ಲ ಸಾಕಾಗುವ ಕಡೆ ಆತ ಮೂರು ಹೇಳಿದ. ಆಮೇಲೆ ಖಾಲಿ ಲೋಟ ಎತ್ತಿ ನೀರು ಕುಡಿಯಲು ನೋಡಿದ. "ಒಂದು ಮಾತು ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ಒಂಟಿ ಮನುಷ್ಯ ಅವ್ರು. ಹೆಂಡತಿ ಇಲ್ಲ, ಮಗಳು ದೂರ. ಅಂಥವರು ಯಾವಾಗ ಏನ್ ಮಾಡ್ಕೋತಾರೋ—"

"ಒಂಟಿಯಾಗಿರೋದೇ ಸಾಯೋಕೆ ಕಾರಣ ಆಗಿದ್ರೆ, ಸ್ವಾಮಿ, ನಾನು ಯಾವತ್ತೋ ಗೋಡೆ ಮೇಲಿನ ಫೋಟೋ ಆಗ್ಬೇಕಿತ್ತು."

ದನಿ ಬೇಕಾದದ್ದಕ್ಕಿಂತ ಜೋರಾಯಿತು. ಗಾಜಿನಾಚೆ ನಾಲ್ಕಾರು ತಲೆಗಳು ಎದ್ದವು. ಆತ ಎದ್ದು ಹಳದಿ ಹೆಲ್ಮೆಟ್ ಕೈಗೆ ತೆಗೆದುಕೊಂಡ.

"ನಾನು ಹೊರಡ್ಬೇಕು. ಅದೇ ಕಟ್ಟಡದ ಲಿಫ್ಟ್ ಮತ್ತೆ ಶುರು ಮಾಡ್ಬೇಕಂತೆ. ಪರೀಕ್ಷೆ ಮಾಡೋರು ಬೇರೆ ಯಾರೂ ಇಲ್ಲ. ಸಂಜೆ ಗುಂಡಿಗೆ ನಾನೇ ಇಳೀಬೇಕು."

ಮಗಳ ಮನೆಗೆ ಬಸ್ಸು ಹಿಡಿದೆ. ದಾರಿಯಲ್ಲಿ ನನ್ನ ಮೇಲ್ ಪೆಟ್ಟಿಗೆ ತೆರೆದು ನೋಡಿದೆ. ಚಪ್ಪಲಿ ಅಂಗಡಿಯವರು ರಿಯಾಯಿತಿ ಮಾರಾಟಕ್ಕೆ ಕರೆದಿದ್ದರು. 'ನಮ್ಮ ಪ್ರೀತಿಯ ಗ್ರಾಹಕರೇ' ಎಂದಿತ್ತು. ಪ್ರೀತಿ ಎಂಬ ಮಾತು ನನ್ನ ಪೆಟ್ಟಿಗೆಗೆ ಬಂದು ಬಹಳ ಕಾಲವಾಗಿತ್ತೆಂದು ಅದನ್ನು ಅಳಿಸದೆ ಬಿಟ್ಟೆ.

ಲಿಫ್ಟ್ ಇಂಜಿನಿಯರನ ಮಗಳು ಲಿಫ್ಟಿಲ್ಲದ ಕಟ್ಟಡ ಹುಡುಕಿ ಮೇಲಿನ ಮಹಡಿಯಲ್ಲಿ ಬಾಡಿಗೆಗಿದ್ದಳು. ಏದುಸಿರು ಬಿಡುತ್ತಾ ಹತ್ತಿದೆ. ಬಾಗಿಲಲ್ಲಿ ಒಂದೇ ಜೊತೆ ಚಪ್ಪಲಿ. ಅವಳು ಕನ್ನಡಕದ ಅಂಗಡಿಯಲ್ಲಿ ಕಣ್ಣು ಪರೀಕ್ಷಿಸುವವಳು. ಎದುರಿಗಿದ್ದವರ ಕಣ್ಣನ್ನೇ ನೋಡಿ ಮಾತಾಡುವುದು ರೂಢಿ.

"ಗುಬ್ಬಿ ಯಾರಮ್ಮ?" ಎಂದು ಅಂಗೈ ತೋರಿಸಿದೆ.

ಅವಳು ಕಣ್ಣು ತೆಗೆದಳು. "ನಾನೇ. ಕಾಲೇಜಿಗೆ ಸೇರಿದಾಗ ಅಪ್ಪ ಮಾಡಿಕೊಟ್ಟ ವಿಳಾಸ. ನಿಮಗೆ ಬರೆದಿದ್ದು ಅಂಗಡಿ ವಿಳಾಸದಿಂದ. ನಿಮಗೆ ಇದೆಲ್ಲಿ ಸಿಕ್ತು?"

"ಅಪ್ಪ ಕಳಿಸಿದ ಪ್ರತಿಯೊಂದು ಮೇಲಿನ ಪ್ರತಿ ಇಲ್ಲಿಗೆ ಬಂದಿದೆ."

"ಸಾಧ್ಯಾನೇ ಇಲ್ಲ ಮೇಡಂ. ಅಪ್ಪನ ಮೇಲ್ ಬಂದು ಎಷ್ಟೋ ವರ್ಷ..."

ಮೆಲ್ಲಗೆ ಕುರ್ಚಿ ಹಿಡಿದು ಕೂತಳು.

"ನೀನೂ ರೂಲ್ ಹಾಕಿದ್ಯಾ?"

ತಲೆಯಾಡಿಸಿದಳು. "ಯಾವ ಲಿಫ್ಟಿನ ಹಗ್ಗ ಸವೆದಿದೆ, ಯಾವ ಬಾಗಿಲು ಕೀರ್ ಅನ್ನುತ್ತೆ, ಎಲ್ಲಾ ನನಗೆ ಬರ್ತಿತ್ತು. ಕ್ಲಾಸಿನಲ್ಲಿ ಕೂತಾಗ ಟಿಂಗ್, ಊಟಕ್ಕೆ ಕೂತಾಗ ಟಿಂಗ್. ಫೋನ್ ಮಾಡಿ ಜಗಳ ಆಡಿದೆ. ನಿಮ್ಮ ಲಿಫ್ಟ್ ಕಟ್ಕೊಂಡು ನನಗೇನಪ್ಪಾ ಅಂದೆ. ಅದಕ್ಕಲ್ಲಮ್ಮ, ನಾನು ದಿನಾ ಏನ್ ಮಾಡ್ತಿದೀನಿ ಅಂತ ಒಬ್ಬರಿಗಾದ್ರೂ ಗೊತ್ತಿರ್ಲಿ ಅಂತ, ಅಂದ್ರು. ಅವತ್ತೇ ರೂಲ್ ಹಾಕ್ದೆ. ನಿಲ್ಲಿಸ್ತೀನಿ ಅಂತ ಅವರು ಹೇಳಿದ್ರು. ನಿಲ್ಲಿಸಿದಾರೆ ಅಂದ್ಕೊಂಡೆ."

"ನಿಲ್ಲಿಸಿಲ್ಲ."

"ನಾನು ಓದ್ತಿದೀನಿ ಅಂದ್ಕೊಂಡಿದ್ರಾ?"

"ತೆಗಿಯಮ್ಮ," ಎಂದಷ್ಟೇ ಹೇಳಿದೆ.

ಫೋಲ್ಡರಿನ ಹೆಸರು 'ಅಪ್ಪ'. ಒಳಗೆ ಮೇಲ್‌ಗಳು ಉದ್ದಕ್ಕೂ ಇಳಿದಿದ್ದವು. ಓದದೇ ಓದಿದ್ದು ಎಂದು ಗುರುತು ಬಿದ್ದ ವರ್ಷಗಳು. ಮೇಲುಗಡೆಯೇ ಮೇಷ್ಟ್ರು ಸತ್ತ ದಿನದ ಎರಡು ಮೇಲ್‌ಗಳಿದ್ದವು. ಮೊದಲನೆಯದನ್ನು ಅವಳು ಗಟ್ಟಿಯಾಗಿ ಓದಿದಳು.

'ಅನುಮತಿ: ಗುಂಡಿಗೆ ಇಳಿಯುವ ಮುನ್ನ ಲಿಫ್ಟ್ ನಿಲ್ಲಿಸುವ ಬಗ್ಗೆ. ಮಾನ್ಯ ಮ್ಯಾನೇಜರರೇ, ಕಟ್ಟಡದವರಿಗೆ ಹೇಳಿ ಕರೆಂಟ್ ತೆಗೆಸಿದರೆ ಈಗಲೇ ಹೊರಟು ಇಳಿಯುತ್ತೇನೆ. ತೆಗೆಸಿದ್ದೀರೆಂದು ತಾವು ತಿಳಿಸುವವರೆಗೆ ಹೊರಡುವುದಿಲ್ಲ. ಮಧ್ಯಾಹ್ನ ಅರ್ಧ ದಿನ ರಜೆ ಕೂಡ ಬೇಕಿತ್ತು. ಕನ್ನಡಕ ಬದಲಿಸಬೇಕಾಗಿದೆ. ಮಗಳ ಅಂಗಡಿಗೆ ಹೋಗೋಣವೆಂದಿದ್ದೇನೆ.'

"ನನ್ನ ಅಂಗಡಿಗೆ," ಎಂದಳು. ಆಮೇಲೆ ಅತ್ತಳು. ತಡೆಹಿಡಿದದ್ದೆಲ್ಲ ಕಿತ್ತುಕೊಂಡು ಬಂದಂತೆ ಅತ್ತಳು. "ಅಪ್ಪ ಕೇಳಿದಾರೆ ಮೇಡಂ. ನಿಲ್ಲಿಸಿ ಅಂತ ಕೇಳಿದಾರೆ. ಬದುಕೋಕೇ ಇಳಿದಿದಾರೆ."

ಅವಳ ಬೆನ್ನ ಮೇಲೆ ಕೈ ಇಟ್ಟೆ. ಮನುಷ್ಯರ ಬೆನ್ನು ಮುಟ್ಟುವುದು ನನಗೂ ಮರೆತುಹೋಗಿತ್ತು. ನಾನು ಮುಂದಿನದನ್ನು ತೆರೆದೆ. ಮೇಷ್ಟ್ರು ಬರೆದದ್ದು ಒಂದೇ ಸಾಲು: 'ಧನ್ಯವಾದ: ಬೇಗನೆ ಉತ್ತರಿಸಿದ್ದಕ್ಕೆ. ಹೊರಟೆ.' ಅದರ ಕೆಳಗೆ, ಮೂಲ ಮೇಲ್ ಉಳಿಯಲಿ ಎಂಬ ಸೆಟ್ಟಿಂಗಿನ ದಯೆಯಿಂದ, ಮ್ಯಾನೇಜರನ ಉತ್ತರ ಹಾಗೇ ಇತ್ತು.

'ಗಮನಿಸಿದ್ದೇನೆ. ಮುಂದುವರಿಯಿರಿ.'

ಸಿಕ್ಕಿಬಿದ್ದ ಎಂದು ಒಂದು ಗಳಿಗೆ ಹಿಗ್ಗಿದೆ. ಆಮೇಲೆ ಏನೋ ಚುಚ್ಚಿತು. ಕೇಳಿದ್ದು ಕರೆಂಟ್ ತೆಗೆಸಿದ್ದೀರಾ ಎಂದು. ಬಂದ ಉತ್ತರದಲ್ಲಿ ಕರೆಂಟಿನ ಸುದ್ದಿಯೇ ಇಲ್ಲ. ರಜೆಯ ಸುದ್ದಿಯೂ ಇಲ್ಲ. ಕೇಳಿದ ನಿಮಿಷದಲ್ಲೇ ಬಂದ ಉತ್ತರ.

ಕೆಳಗಿನ ಧನ್ಯವಾದಗಳನ್ನು ಒಂದೊಂದಾಗಿ ತೆರೆದೆ. ಕಿಟಕಿಯ ಗಾಜು ಬದಲಿಸಬಹುದೇ ಎಂದು ಕೇಳಿದ್ದರು. ಗಮನಿಸಿದ್ದೇನೆ, ಮುಂದುವರಿಯಿರಿ. ಹೆಂಡತಿಯ ತಿಥಿಗೆ ರಜೆ ಕೇಳಿದ್ದರು. ಗಮನಿಸಿದ್ದೇನೆ, ಮುಂದುವರಿಯಿರಿ. ಇನ್ನೊಂದರಲ್ಲಿ ಹೀಗಿತ್ತು: 'ಅನುಮತಿ: ಈ ಭಾನುವಾರ ತಮ್ಮನ್ನು ನಮ್ಮ ಮನೆಗೆ ಊಟಕ್ಕೆ ಕರೆಯಬಹುದೇ? ನಿವೃತ್ತಿಗೆ ಹತ್ತಿರವಾದೆ, ಒಮ್ಮೆಯೂ ಕರೆದಿಲ್ಲ.' ಅದಕ್ಕೂ ಅವೇ ಎರಡು ಮಾತು. ಮೇಷ್ಟ್ರು ಅದಕ್ಕೂ ಧನ್ಯವಾದ ಹೇಳಿದ್ದರು. ಊಟಕ್ಕೆ ಕಾದಿರುತ್ತೇನೆ ಎಂದಿದ್ದರು.

ಸೋಮವಾರ ಇನ್ನೊಂದು ಮೇಲ್. 'ಮಾಹಿತಿ: ತಮಗೆ ನಿನ್ನೆ ಬರಲಾಗಲಿಲ್ಲವೆಂದು ತೋರುತ್ತದೆ. ತೊಂದರೆಯಿಲ್ಲ.'

"ಇದು ಮನುಷ್ಯ ಬರೆದಿದ್ದಲ್ಲ ಕಣಮ್ಮ," ಎಂದೆ. "ಅಪ್ಪನ ಮೇಲಿನಲ್ಲಿ ಅನುಮತಿ ಅನ್ನೋ ಪದ ಕಂಡ್ರೆ ಸಾಕು, ಆ ಮ್ಯಾನೇಜರನ ಪೆಟ್ಟಿಗೆ ತಾನಾಗೇ ಉತ್ತರ ಕೊಡತ್ತೆ. ಆಮೇಲೆ ಮೇಲನ್ನ ಫೋಲ್ಡರಿಗೆ ತಳ್ಳತ್ತೆ. ಅವನು ಓದೋದೇ ಇಲ್ಲ."

"ಅಪ್ಪ ಕೇಳಿದ್ದು..."

"ಯಂತ್ರಾನ."

ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡಳು. ಅಳು ನಿಂತಿತ್ತು. ಅವಳ ಮುಖದಲ್ಲಿ ಸಿಟ್ಟು ಏರುವುದನ್ನು ಕಂಡೆ. ನನಗೂ ಏರಿತ್ತು. ಗೋಡೆಗೆ ಹೇಳಿದರೆ ಗೋಡೆ ಸುಮ್ಮನಾದರೂ ಇರುತ್ತದೆ. ಈ ಗೋಡೆ ಹೂಂಗುಟ್ಟಿ ಕಳಿಸಿತ್ತು.

"ಅಂಗಡಿಯಿಂದ ಬಂದವಳು ಇನ್ನೂ ಏನೂ ತಿಂದಿಲ್ಲ ಅಲ್ವಾ? ಎರಡು ತುತ್ತು ತಿಂದು ಹೊರಡೋಣ," ಎನ್ನುತ್ತಿದ್ದೆ.

ಅಷ್ಟರಲ್ಲಿ ಫೋಲ್ಡರಿನ ತಲೆಯ ಮೇಲೆ ಒಂದು ಸಾಲು ಹೊಸದಾಗಿ ಮೂಡಿತು. ಟಿಂಗ್ ಎನ್ನಲಿಲ್ಲ. ಅವಳ ರೂಲ್ ಅದನ್ನು ಸದ್ದಿಲ್ಲದೆ ಒಳಗೆ ತಂದಿತ್ತು. ಕಳಿಸಿದವರು ಅಪ್ಪ. ಕಳಿಸಿದ್ದು ಈಗ.

ಮಗಳು ನನ್ನ ಮೊಣಕೈ ಹಿಡಿದಳು. ಅವಳ ಉಗುರು ನೆಟ್ಟಿತು. ಮೇಲ್ ಹೋಗಿದ್ದು ಮ್ಯಾನೇಜರನಿಗೆ.

'ಅನುಮತಿ: ಅದೇ ಕಟ್ಟಡ, ಅದೇ ಲಿಫ್ಟ್. ಸಂಜೆ ತಾವು ಗುಂಡಿಗೆ ಇಳಿದಾಗ ಲಿಫ್ಟನ್ನು ಕೆಳಗೆ ಬಿಡಬಹುದೇ?'

ಅದರ ಮೇಲೆ ಇನ್ನೊಂದು ಸಾಲು ಮೂಡಿತು.

'ಧನ್ಯವಾದ: ಬೇಗನೆ ಉತ್ತರಿಸಿದ್ದಕ್ಕೆ. ಹೊರಟೆ.'

ಅದರ ಕೆಳಗೆ ಏನಿರುತ್ತದೆಂದು ಗೊತ್ತಿದ್ದೂ ಓದಿದೆ. ಗಮನಿಸಿದ್ದೇನೆ. ಮುಂದುವರಿಯಿರಿ.

ಮ್ಯಾನೇಜರನಿಗೆ ಫೋನ್ ಮಾಡಿದೆ. ರಿಂಗಾಗಿ ರಿಂಗಾಗಿ ನಿಂತಿತು. ಈ ಮೇಲನ್ನು ಅವನು ನೋಡಿರಲಾರ. ಇದೂ ನೇರವಾಗಿ ಆ ಫೋಲ್ಡರಿಗೇ ಹೋಗಿ ಬಿದ್ದಿರುತ್ತದೆ. ತನ್ನನ್ನು ಕೊಲ್ಲಲು ತಾನೇ ಒಪ್ಪಿಗೆ ಕೊಟ್ಟದ್ದು ಗೊತ್ತಿಲ್ಲದೆ ಹಳದಿ ಹೆಲ್ಮೆಟ್ ಹಾಕಿಕೊಂಡು ಅವನು ಎಲ್ಲೋ ಮೆಟ್ಟಿಲಿಳಿಯುತ್ತಿದ್ದ.

"ಯಾರು ಮೇಡಂ ಇದು? ಯಾರು ಅಪ್ಪನ ಹೆಸರಲ್ಲಿ..."

"ಅಪ್ಪನ ಕಂಪ್ಯೂಟರ್ ಮುಂದೆ ಇರೋರು. ಬೇರೆ ಕಡೆಯಿಂದ ಕಳಿಸಿದ್ರೆ ನಿನಗೆ ಬರ್ತಿರಲಿಲ್ಲ. ಇನ್ನೂ ಎದ್ದಿರಲಿಕ್ಕಿಲ್ಲ."

ಮೇಲಿನ ಕೊನೆಯಲ್ಲಿ ಮೇಷ್ಟ್ರ ಸಹಿ ತಾನಾಗಿ ಸೇರಿತ್ತು. ಅದರಲ್ಲಿ ಅವರ ಮೇಜಿನ ಫೋನ್ ನಂಬರು. ಅದನ್ನೇ ಒತ್ತಿದೆ. ಮಗಳು ತನ್ನ ಕಿವಿಯನ್ನು ನನ್ನ ಕಿವಿಗೆ ಹತ್ತಿಸಿದಳು.

ಅತ್ತ ಯಾರೋ ರಿಸೀವರ್ ಎತ್ತಿದರು. ಹಲೋ ಎನ್ನಲಿಲ್ಲ.

"ಯಾರು?" ಎಂದೆ. "ಮೇಷ್ಟ್ರ ಕುರ್ಚಿಯಲ್ಲಿ ಕೂತಿರೋದು ಯಾರು?"

ಅತ್ತ ಕೂತಿದ್ದವರು ಎದ್ದು ನಿಂತರು. ನಿಲ್ಲುವಾಗ, ಯಾರೂ ಕೂರದ, ಪಾಸ್‌ವರ್ಡಣ್ಣ ನನಗೆ ತೋರಿಸಿದ್ದ ಆ ಇನ್ನೊಂದು ಕುರ್ಚಿಯ ಪ್ಲಾಸ್ಟಿಕ್ ಹಾಳೆ ಚರಚರ ಎಂದಿತು.